ಮನೆಯ ಬೇರೆಯವರು

ಹಿತ್ತಲಿನಲ್ಲಿ ಮೀನು ಒಣಗಿಸುವ ಹೊಗೆಮನೆಯಿಂದ ಮತ್ತೆ ಆ ಕೆಮ್ಮು ಕೇಳಿಸಿತು. ದೊಡ್ಡ ಕೆಮ್ಮೇನಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ, ತೆಗೆದುಬಿಡೋಣ ಎನ್ನುವಂಥ ಒಣ ಕೆಮ್ಮು. ಕೆಮ್ಮಿದವರಿಗೇ ತಾವು ಕೆಮ್ಮಿದೆವೆಂದು ಗೊತ್ತಾಗುವುದಿಲ್ಲ. ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅರಬಾ ಎಸುಮನ್ ಆ ಕಡೆಗೇ ಕಿವಿಯಿಟ್ಟು ಕಾದಳು. ಮಂಗಳವಾರ ಕಡಲಿಗೆ ರಜೆಯ ದಿನವಾದ್ದರಿಂದ ಬಿರಿವಾ ಊರಿನ ಯಾವ ದೋಣಿಯೂ ನೀರಿಗಿಳಿದಿರಲಿಲ್ಲ. ದಂಡೆಯಲ್ಲಿ ಗಂಡಸರು ಬಲೆ ಹೊಲಿಯುತ್ತ ಕೂತಿರಬೇಕು, ಅವರ ರೇಡಿಯೋ ಇಲ್ಲಿಯವರೆಗೂ ಕೇಳಿಸುತ್ತಿತ್ತು. ಆ ರೇಡಿಯೋದ ಹಾಡಿನ ಅಡಿಯಿಂದ, ಒಲೆಯ ತಂತಿತಟ್ಟೆಗಳನ್ನು ಒಂದರ ಮೇಲೊಂದು ಬದಲಿಸುವ ಸದ್ದಿನ ಅಡಿಯಿಂದ, ಕೆಮ್ಮು ಮತ್ತೊಮ್ಮೆ ಬಂತು. ಅವಳದೂ ಹೀಗೇ ಶುರುವಾದದ್ದು. ಗಂಡ ಬದುಕಿದ್ದಾಗ, ಯಾರದೋ ಮಗುವಿಗೆ ಹೆಸರಿಡುವ ದಿನ, ಎಲ್ಲರ ನಡುವೆ ಅವಳು ಗಂಟಲು ಸರಿಮಾಡಿಕೊಂಡಾಗ, "ಭಾಷಣ ಮಾಡ್ತಾಳೆ ನೋಡ್ರಪ್ಪಾ, ಸುಮ್ನಿರಿ" ಎಂದು ಅವನು ಕೀಟಲೆ ಮಾಡಿದ್ದ. ಅವಳೂ ನಕ್ಕಿದ್ದಳು. ಆ ನಗು ಈಗ ಮೈಯೆಲ್ಲ ಉರಿಸಿತು.

ಸಿಟ್ಟು ಎದೆಯ ಬುಡದಲ್ಲಿ ಹುಟ್ಟಿ ಮೇಲೇರತೊಡಗಿದ್ದೇ ಅವಳು ತುಟಿ ಸಣ್ಣಗೆ ಮಾಡಿ ಗಾಳಿಯನ್ನು ಮೆಲ್ಲಗೆ ಹೊರಬಿಟ್ಟಳು. ಹೂವನ್ನು ಮೂಸಿದ ಹಾಗೆ ಎಳೆದು, ದೀಪ ಆರಿಸಿದ ಹಾಗೆ ಊದಿ. ಆಸ್ಪತ್ರೆಯ ನರ್ಸು ಸಿಸ್ಟರ್ ಪರ್ಪೆಚುವಾ ಫೋನಿನಲ್ಲಿ ಕಲಿಸಿದ್ದು. ಸಿಟ್ಟಿಗೂ ಉಸಿರು ಖರ್ಚಾಗುತ್ತದೆ ಎನ್ನುವುದು ಪುಪ್ಪುಸ ನೆಟ್ಟಗಿರುವವರಿಗೆ ಗೊತ್ತಿರುವುದಿಲ್ಲ. ಅವರು ಸಿಟ್ಟು ಮಾಡುತ್ತಾರೆ, ಕೂಗುತ್ತಾರೆ, ಬಾಗಿಲು ಬಡಿಯುತ್ತಾರೆ, ಆಮೇಲೆ ಊಟಕ್ಕೆ ಕೂರುತ್ತಾರೆ. ಅವಳಾದರೋ ಯಾರ ಮೇಲೆ, ಎಷ್ಟು, ಈಗಲೋ ಸಂಜೆಗೋ ಎಂದು ಮೊದಲೇ ಯೋಚಿಸಬೇಕು. ನೀರಿಲ್ಲದ ದಿನ ಕೊಡದ ತಳ ನೋಡಿಕೊಂಡು ಲೋಟ ಅದ್ದಿದ ಹಾಗೆ. ಹಾಗೆ ಅಳೆದು ಉಳಿಸಿದ ಸಿಟ್ಟೆಲ್ಲ ಎಲ್ಲಿಗೂ ಹೋಗದೆ ಒಳಗೇ ಕೂತು ಹುಳಿಯೇರುತ್ತಿತ್ತು.

ತೊಡೆಯ ಮೇಲಿದ್ದ ಫೋನು ಮಿಣುಕಿತು. "ಶುಭೋದಯ, ಆಂಟಿ ಅರಬಾ! ಇವತ್ತು ನಿಮ್ಮ ಉಸಿರಿನ ಬಣ್ಣ ಯಾವುದು?" ಕೆಳಗೆ ಮೂರು ಚುಕ್ಕಿ: ಹಸಿರು, ಹಳದಿ, ಕೆಂಪು. ಅದರ ಕೆಳಗೆ ಪ್ರತಿದಿನ ಬರುವ ಸಾಲು: ನಿಮ್ಮ ಉಸಿರು ನಿಮ್ಮ ಕೈಯಲ್ಲಿ. ಆಸ್ಪತ್ರೆಯವರು ಶ್ವಾಸಕೋಶದ ರೋಗಿಗಳಿಗಾಗಿ ಕಟ್ಟಿದ ಈ ಗುಂಪಿಗೆ ಅವಳು ಸೇರಿ ಒಂದು ಮಳೆಗಾಲ ಕಳೆದಿತ್ತು. ಸಾಲ್ಟ್‌ಪಾಂಡಿನ ನಿವೃತ್ತ ಪೊಲೀಸಿನವನು ಓಟೂ ಆಗಲೇ ಹಸಿರು ಒತ್ತಿ, ಜೊತೆಗೆ ಕೈಮುಗಿದ ಚಿತ್ರ ಸಾಲಾಗಿ ಹಾಕಿದ್ದ. ದೇವರು ಇವನ ಒಬ್ಬನ ಫೋನನ್ನೇ ನೋಡುತ್ತ ಕೂತಿರುತ್ತಾನೆ ಎಂದುಕೊಂಡಿದ್ದಾನೋ ಏನೋ. ಅವಳು ಹಸಿರು ಒತ್ತಿದಳು. ಸುಳ್ಳೇನಲ್ಲ. ಹೊಗೆಮನೆ ಬಿಟ್ಟಮೇಲೆ ಎದೆ ಹಗುರಾಗಿದೆ, ಉಸಿರಿಗೆ ಮದ್ದು ಎಳೆದುಕೊಳ್ಳುವ ನೀಲಿ ಪಂಪಿನ ಬಳಕೆ ಕಡಿಮೆಯಾಗಿದೆ, ಬಾವಿಯವರೆಗೆ ನಿಲ್ಲದೆ ನಡೆಯುತ್ತಾಳೆ. ಹಸಿರು ನಿಜವಾದ ಹಸಿರೇ. ಹೊಗೆಮನೆಯೊಳಗೆ ಮಗಳು ಮಾನ್ಸಾ ಕೆಮ್ಮಿದಳು.

"ಮಾನ್ಸಾ!"

ಮಗಳು ಬಾಗಿಲಿಗೆ ಬಂದಳು. ಅವಳ ಹಿಂದೆಯೇ ಹೊಗೆಯೂ ಬಂದು, ಕಡಲ ಗಾಳಿಗೆ ಸಿಕ್ಕಿ, ಊರಿನ ಕಡೆಗೆ ವಾಲಿತು. ತಲೆಗೆ ಕಟ್ಟಿದ ಬಟ್ಟೆಯ ಅಂಚಿನವರೆಗೂ ಮಸಿ, ಕಣ್ಣು ಕೆಂಪು.

"ಕೆಮ್ಮಿದ್ಯಾ?"

"ಯಾರು, ನಾನಾ? ಇಲ್ವಲ್ಲ."

"ನಂಗೆ ಪುಪ್ಪುಸ ಹೋಗಿದೆ, ಕಿವಿ ಹೋಗಿಲ್ಲ."

"ಮೆಣಸಿನ ಘಾಟಮ್ಮ."

"ಮೀನಿನ ಒಲೇಲಿ ಮೆಣಸು ಹುರೀತಿದ್ಯಾ?"

ಮಾನ್ಸಾ ನಕ್ಕಳು. ಅವಳದು ಮೊದಲಿಂದಲೂ ಜಗಳ ಬೇಡದ ನಗು. "ನೀನು ಸುಮ್ನೆ ಕೂತ್ಕೊ. ಗಾಳಿಗೆ ಬೆನ್ನು ಕೊಟ್ಟು ಕೂರಬೇಕಂತಲ್ಲ, ಸಿಸ್ಟರ್ ಹೇಳಿಲ್ವಾ? ನಾಳೆ ಮಂಕೆಸಿಮ್ ಸಂತೆ. ಬೂತಾಯಿ ಮೀನು ಇನ್ನೂ ಮೆತ್ತಗಿದೆ, ಸಂಜೆ ಒಳಗೆ ಒಣಗಿಸ್ಬೇಕು." ಹೇಳಿ ಒಳಗೆ ಹೋದಳು. ಹೊಗೆ ಅವಳ ಹಿಂದೆ ಪರದೆಯ ಹಾಗೆ ಮುಚ್ಚಿಕೊಂಡಿತು.

ಜಗಳ ಬೇಡದ ನಗು. ಇವಳು ತನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಹೌದೇ ಎಂದು ಅರಬಾಳಿಗೆ ಎಷ್ಟೋ ಸಲ ಅನ್ನಿಸಿತ್ತು. ಅರಬಾಳ ನಾಲಿಗೆಯೆಂದರೆ ಒಂದು ಕಾಲಕ್ಕೆ ದಂಡೆಗೆ ದಂಡೆಯೇ ದಾರಿ ಬಿಡುತ್ತಿತ್ತು. ಮೀನು ತುಂಬಿದ ದೋಣಿ ದಡಕ್ಕೆ ತಾಗುವ ಮೊದಲೇ ಅವಳು ಸೊಂಟಕ್ಕೆ ಬಟ್ಟೆ ಬಿಗಿದು ನೀರಿಗಿಳಿದಿರುತ್ತಿದ್ದಳು. ದೋಣಿಯವನ ಅಜ್ಜನಿಂದ ಹಿಡಿದು ಅವನಿಗೆ ಇನ್ನೂ ಹುಟ್ಟದ ಮೊಮ್ಮಕ್ಕಳವರೆಗೆ ಯಾರನ್ನೂ ಬಿಡದೆ ಒಂದೇ ಉಸಿರಿನಲ್ಲಿ ಜಾಲಾಡಿ, ಅವನು ನಗುವುದೋ ಅಳುವುದೋ ತಿಳಿಯದೆ ನಿಂತಿರುವಾಗ ಒಳ್ಳೆಯ ಮೀನಿನ ಬುಟ್ಟಿಗೆ ಕೈಯಿಟ್ಟಾಗಿರುತ್ತಿತ್ತು. ಬೈಯಿಸಿಕೊಂಡವರೂ ಸಂಜೆ ಬಂದು, "ಎಂಥಾ ಮಾತು ಅಂದ್ಯೇ ಮಾರಾಯ್ತಿ" ಎಂದು ಮೆಚ್ಚಿ ಹೋಗುತ್ತಿದ್ದರು. ಅದೆಲ್ಲ ಗಾಳಿಯ ಮೇಲೆ ನಿಂತಿತ್ತು ಎಂದು ಆಗ ಯಾರಿಗೆ ಗೊತ್ತಿತ್ತು? ಹೋದ ವರ್ಷ, ಬೂತಾಯಿ ಬೀಳುವ ಕಾಲದಲ್ಲಿ, ದೋಣಿಯ ಒಡೆಯ ಎಗ್ಯಾ ಬೆಂಟುಮ್ ಅವಳ ಪಾಲಿನ ಮೀನನ್ನು ಇನ್ನೊಬ್ಬ ಮೀನುಗಾರ್ತಿ ಎಸಿ ಕೊಮ್ಸನ್‌ಗೆ ಕೊಟ್ಟುಬಿಟ್ಟ. ಎಲ್ಲರೆದುರಿಗೇ. ಅವಳು ಸೊಂಟಕ್ಕೆ ಕೈಯಿಟ್ಟಳು, ಬಾಯಿ ತೆರೆದಳು. ಹೆಂಗಸರೆಲ್ಲ ಕೆಲಸ ನಿಲ್ಲಿಸಿ ತಿರುಗಿದರು, ಆಟ ನೋಡಲು ನಿಂತವರ ಹಾಗೆ. ಬಂದದ್ದು ಮಾತಲ್ಲ. ಕೆಮ್ಮು ಬಂತು, ಆಮೇಲೆ ಸಿಳ್ಳೆಯಂಥ ಒಂದು ಸದ್ದು, ಆಮೇಲೆ ಮೊಣಕಾಲು ಮರಳಿಗೆ ತಾಗಿತು. ಎಸಿ ಕೊಮ್ಸನ್, ಅವಳ ಮೀನು ಕಿತ್ತುಕೊಂಡ ಅದೇ ಎಸಿ, ಓಡಿಹೋಗಿ ಒಂದು ಸ್ಟೂಲು ತಂದಳು. "ಕೂತ್ಕೊಳ್ಳಿ ಆಂಟಿ, ಕೂತ್ಕೊಳ್ಳಿ." ಅವಳು ಕೂತಳು. ಮೀನು ಹೋದದ್ದಲ್ಲ, ಕೂತದ್ದು ಇಂದಿಗೂ ಸುಡುತ್ತದೆ. ಅದಾದಮೇಲೆ ಯಾರೂ ಅವಳ ಜೊತೆ ಜಗಳಕ್ಕೆ ಬರಲಿಲ್ಲ. ಅವಳು ಏನಂದರೂ ಹೌದು ಆಂಟಿ, ಸರಿ ಆಂಟಿ. ಸತ್ತವರ ಮನೆಗೆ ಬಂದವರು ಮಾತಾಡುವ ಹಾಗೆ.

ಗುಂಪಿನ ಫೋನ್ ಸಭೆಯಲ್ಲಿ ಒಂದು ದಿನ ಸಿಸ್ಟರ್ ಪರ್ಪೆಚುವಾ ಎಲ್ಲರಿಗೂ ಒಂದೊಂದು ಗುರಿ ಹೇಳಿಕೊಳ್ಳಲು ಹೇಳಿದ್ದಳು. ಉಸಿರು ಸುಧಾರಿಸಿದರೆ ಏನು ಮಾಡಬೇಕೆಂದಿದ್ದೀರಿ? ಓಟೂ ಮೊಮ್ಮಗನ ಜೊತೆ ಚೆಂಡಾಡಬೇಕು ಅಂದ. ಇನ್ಯಾರೋ ಇಗರ್ಜಿಯ ಮೆಟ್ಟಿಲು ಹತ್ತಬೇಕು ಅಂದರು. ಅರಬಾಳ ಸರದಿ ಬಂದಾಗ ಅವಳು ನಿಜವನ್ನೇ ಹೇಳಿದಳು: "ನಂಗೆ ಜಗಳ ಆಡ್ಬೇಕು. ಒಬ್ಬನ ಜೊತೆ, ಕೊನೇವರೆಗೂ." ಪರದೆಯ ತುಂಬ ನಗುವ ಮುಖಗಳು, ಹಾರುವ ಹೃದಯಗಳು. ಸಿಸ್ಟರ್ ಕೂಡ ಬಾಯಿಗೆ ಕೈಯಿಟ್ಟು ನಕ್ಕಳು. "ಆಂಟಿ, ನೀವು ನಮ್ಮ ಗುಂಪಿನ ಮುತ್ತು. ಆದ್ರೆ ಸಿಟ್ಟು ಉಸಿರಿಗೆ ಶತ್ರು ಅಲ್ವಾ?" ಮಾರನೆಯ ದಿನ ಎಲ್ಲರ ಗುರಿಗಳನ್ನೂ ಬಣ್ಣದ ಚಿತ್ರ ಮಾಡಿ ಹಾಕಿದರು. ಅವಳ ಹೆಸರಿನ ಮುಂದೆ ಹೀಗಿತ್ತು: ಆಂಟಿ ಅರಬಾ ಹಾಡುತ್ತಾ ಇಗರ್ಜಿಗೆ ನಡೆಯುವರು. ಅದನ್ನು ಮಾನ್ಸಾಳಿಂದ ಎರಡು ಸಲ ಓದಿಸಿದಳು. ಜನ್ಮದಲ್ಲಿ ಹಾಡಿದವಳಲ್ಲ ಅವಳು.

ಆ ಚಿತ್ರದ ಮುಂದಿನ ವಾರವೇ ಬಂದದ್ದು ಆ ಸಲಹೆ. ಓದಿದವಳು ಮಾನ್ಸಾಳೇ, ಅರಬಾಳ ಕಣ್ಣಿಗೆ ಸಣ್ಣ ಅಕ್ಷರ ಹಿಡಿಯುವುದಿಲ್ಲ. ಇದೇ ಬೇವಿನ ಮರದ ಕೆಳಗೆ, ಎಲೆಯಲ್ಲಿ ಸುತ್ತಿ ಬೇಯಿಸಿದ ಜೋಳದ ಉಂಡೆ ಕೆಂಕಿಯನ್ನು ಬಿಚ್ಚಿ ಮೆಣಸಿನ ಜೊತೆ ತಿನ್ನುತ್ತಿರುವಾಗ, ಎಣ್ಣೆಗೈಯ ಒಂದು ಬೆರಳಿನಿಂದ ಪರದೆ ಸರಿಸುತ್ತ ಓದಿದಳು: ಹೊಗೆಯಿಂದ ದೂರವಿರಿ. ಒಲೆಯ ಕೆಲಸವನ್ನು ಮನೆಯ ಬೇರೆಯವರಿಗೆ ಬಿಟ್ಟುಕೊಡಿ. ಓದಿ ಮುಗಿಸಿ ಮಾನ್ಸಾ ಕೈ ಒರೆಸಿಕೊಂಡಳು. ಮನೆಯಲ್ಲಿ ಬೇರೆಯವರೆಂದರೆ ಯಾರಿದ್ದರು? ಹಿರಿಯವಳು ಮದುವೆಯಾಗಿ ತೇಮಾ ಪಟ್ಟಣ ಸೇರಿದ್ದಳು, ಎರಡನೆಯವಳು ಹೊಲಿಗೆ ಅಂಗಡಿಯವಳು, ವರ್ಷಕ್ಕೊಮ್ಮೆ ಬರುವವಳು. ಮೂರನೆಯವಳು ಮಾನ್ಸಾ. ಅರಬಾ ಒಲೆಯ ಇಕ್ಕಳವನ್ನು ಅವಳ ಕಡೆ ಚಾಚಿದಳು. ಕೇಳಲಿಲ್ಲ. ಹೂಂ ಅನ್ನಿಸಿಕೊಳ್ಳಲಿಲ್ಲ. ಉಪ್ಪಿನ ಬಟ್ಟಲು ದಾಟಿಸುವ ಹಾಗೆ ದಾಟಿಸಿದಳು, ಮಗಳು ಹಾಗೇ ತೆಗೆದುಕೊಂಡಳು. ಅಂದಿನಿಂದ ಚುಕ್ಕಿ ಹಸಿರಾಯಿತು.

ಇವತ್ತಿನ ಮಧ್ಯಾಹ್ನದ ಫೋನ್ ಸಭೆಗೆ ಮಾನ್ಸಾ ಮುಖ ತೊಳೆದುಕೊಂಡು ಬಂದು, ನೀರಿನ ಹೂಜಿಗೆ ಫೋನನ್ನು ಒರಗಿಸಿ, ಅಮ್ಮನ ತಲೆವಸ್ತ್ರ ಸರಿಮಾಡಿ, ಪರದೆಗೆ ಕಾಣದ ಹಾಗೆ ಪಕ್ಕಕ್ಕೆ ಕುಕ್ಕರಗಾಲಿನಲ್ಲಿ ಕೂತಳು. ಚೌಕ ಚೌಕದೊಳಗೆ ಮುಖಗಳು ಮೂಡಿದವು. ಇವತ್ತು ಹೊಸದೊಂದು ಮುಖವಿತ್ತು, ಟೈ ಕಟ್ಟಿದ್ದು.

"ಅಕ್ರಾದಿಂದ ದೊಡ್ಡ ಡಾಕ್ಟರು ಬಂದಿದ್ದಾರೆ," ಎಂದಳು ಸಿಸ್ಟರ್ ಪರ್ಪೆಚುವಾ. ಅವಳ ದನಿಗೆ ಇಸ್ತ್ರಿ ಹಾಕಿದಂತಿತ್ತು. "ಡಾಕ್ಟರ್, ನಮ್ಮ ಆಂಟಿ ಅರಬಾ ಇವರೇ. ಮೊದಲು ಬಂದಾಗ ಎರಡು ಮಾತಾಡೋಕೂ ಆಗ್ತಿರ್ಲಿಲ್ಲ. ಈಗ ನೋಡಿ, ಕೆಂಪು ಅನ್ನೋದೇ ಇಲ್ಲ, ಎಲ್ಲಾ ಹಸಿರು. ಆಂಟಿ, ಹೇಗೆ ಸಾಧಿಸಿದ್ರಿ ಅಂತ ನೀವೇ ಎಲ್ರಿಗೂ ಹೇಳಿ."

ಓಟೂ ಚಪ್ಪಾಳೆ ತಟ್ಟಿದ. "ಆಮೆನ್" ಅಂದ.

ಅರಬಾ ಮೂಗಿನಿಂದ ಗಾಳಿ ಎಳೆದುಕೊಂಡಳು. ಅವಸರವಿಲ್ಲದೆ, ಹೊಟ್ಟೆ ತುಂಬುವವರೆಗೆ, ಅವರೇ ಕಲಿಸಿದ ಹಾಗೆ. "ಸಿಸ್ಟರ್, ಹೇಳ್ತೀನಿ," ಅಂದಳು. ತುಟಿ ಸಣ್ಣಗೆ ಮಾಡಿ ಬಿಟ್ಟಳು. "ನಾನು ಒಲೆ ಮುಂದೆ ಕೂರೋದು ಬಿಟ್ಟೆ. ಅಷ್ಟೇ. ನೀವು ಹೇಳಿದ್ರಿ, ಬಿಟ್ಟೆ."

"ನೋಡಿದ್ರಾ!" ಎಂದಳು ಸಿಸ್ಟರ್.

"ನಿಲ್ಲಿ, ಮುಗಿದಿಲ್ಲ." ಮತ್ತೆ ಎಳೆದುಕೊಂಡಳು. "ಮನೆಯ ಬೇರೆಯವರಿಗೆ ಬಿಡಿ ಅಂದ್ರಲ್ಲ. ಬೇರೆಯವರು ಅಂದ್ರೆ ಯಾರು ಸಿಸ್ಟರ್?"

ಸಿಸ್ಟರ್ ಪರ್ಪೆಚುವಾಳ ಕಣ್ಣು ಒಂದು ಕ್ಷಣ ಟೈ ಕಟ್ಟಿದವನ ಚೌಕದ ಕಡೆ ಹೋಗಿ ಬಂತು. ಅರಬಾಳ ಮಾತಿನ ಮೇಲೇ ಅವಳು ಏನೋ ಮೆಲ್ಲಗೆ ಅಂದಳು, ಕೈ ಮುಂದಕ್ಕೆ ಬಂತು. ಅರಬಾ ಅದನ್ನು ಗಮನಿಸಿದರೂ ನಿಲ್ಲಲಿಲ್ಲ, ಏಕೆಂದರೆ ಮಾತು ಬರುತ್ತಿತ್ತು. ವರ್ಷವಾದಮೇಲೆ ಮೊದಲ ಸಲ ಒಂದರ ಹಿಂದೊಂದು ಸಾಲುಗಟ್ಟಿ ಬರುತ್ತಿತ್ತು. ಪ್ರತಿ ಸಾಲಿನ ಕೊನೆಗೆ ನಿಂತು, ಮೂಸಿ, ಊದಿ, ಮುಂದಿನದಕ್ಕೆ ಹೋಗುತ್ತಿದ್ದಳು. "ಬೇರೆಯವರ ಎದೆ ಏನು ತಗಡಿಂದ ಮಾಡಿದ್ದಾ? ಅವಳಿಗೆ ಪುಪ್ಪುಸ ಅಂಗಡೀಲಿ ಸಿಗುತ್ತಾ? ನನ್ನ ಉಸಿರು ನನ್ನ ಕೈಯಲ್ಲಿ ಅಂತೀರ. ನನ್ನ ಕೈಯಲ್ಲಿ ಇದ್ದಿದ್ದು ಒಂದು ಇಕ್ಕಳ. ಅದನ್ನ ಮಗಳ ಕೈಗೆ ಕೊಟ್ಟೆ. ಅಲ್ಲಿಗೆ ನಾನು ಹಸಿರಾದೆ. ಇವತ್ತು ಬೆಳಿಗ್ಗೆಯಿಂದ ಅವಳು ಕೆಮ್ತಿದ್ದಾಳೆ. ಅವಳಿಗೆ ಗೊತ್ತಿಲ್ಲ. ನಂಗೆ ಗೊತ್ತು. ಆ ಕೆಮ್ಮು ನನ್ನದು, ನಾನು ಅದನ್ನ ಎಲ್ಲಿದ್ರೂ ಗುರುತು ಹಿಡೀತೀನಿ. ಇನ್ನು ಕೆಲವು ವರ್ಷಕ್ಕೆ ಅವಳನ್ನೂ ಗುಂಪಿಗೆ ಸೇರಿಸ್ಕೊಳ್ತೀರಿ. ಅವಳ ಹೆಸರಿನ ಮುಂದೆ ಒಂದು ಹಾಡು ಬರೀತೀರಿ. ಆಮೇಲೆ ಅವಳು ಯಾರ ಕೈಗೆ ಕೊಡ್ಬೇಕು ಇಕ್ಕಳ? ಹೊಗೆ ಕಡಿಮೆ ಮಾಡೋ ಒಲೆ ಬಗ್ಗೆ ಒಂದು ದಿನ ಮಾತಾಡಿದ್ದೀರಾ? ಗುರಿ ಕೇಳಿದ್ರಿ. ಹೇಳಿದೆ. ನಕ್ಕುಬಿಟ್ರಿ..."

ಯಾರೂ ಅಡ್ಡ ಬರಲಿಲ್ಲ. ಓಟೂ ತಲೆ ತಗ್ಗಿಸಿದ್ದ. ಟೈಯವನು ಕೆಳಗೆ ಏನನ್ನೋ ನೋಡುತ್ತ ಗಂಭೀರವಾಗಿದ್ದ. ಇಡೀ ಪರದೆ ಬಾಯಿ ಮುಚ್ಚಿಕೊಂಡು ಕೂತಿತ್ತು, ಹಿಂದೆ ದಂಡೆ ಕೂರುತ್ತಿದ್ದ ಹಾಗೆ. ಅರಬಾಳಿಗೆ ಬೆನ್ನು ನೆಟ್ಟಗಾಯಿತು. ಎದೆ ನೋಯುತ್ತಿದ್ದರೂ ಅದು ಕೆಲಸ ಮಾಡಿದ ತೋಳಿನ ನೋವಿನಂತೆ ಹಿತವಾಗಿತ್ತು. ಎಷ್ಟು ಕಾಲವಾಗಿತ್ತು ಒಬ್ಬರ ಬಾಯಿ ಕಟ್ಟಿಸಿ! ಅಷ್ಟರಲ್ಲಿ ಸಿಸ್ಟರ್ ಪರ್ಪೆಚುವಾ ನಕ್ಕಳು. ಯಾರದೋ ಮಾತಿಗೆ, ಹಲ್ಲು ಕಾಣುವ ಹಾಗೆ, ನಿಶ್ಶಬ್ದವಾಗಿ ನಕ್ಕಳು. ಓಟೂ ಕೂಡ ನಕ್ಕು ಚಪ್ಪಾಳೆ ತಟ್ಟಿದ. ಆ ಚಪ್ಪಾಳೆಗೂ ಸದ್ದಿರಲಿಲ್ಲ.

"ಏನಂತೆ ಇವರಿಗೆ?" ಎಂದು ಅರಬಾ ಮಗಳ ಕಡೆ ತಿರುಗಿದಳು.

ಮಾನ್ಸಾ ಕುಕ್ಕರಗಾಲಿನಲ್ಲೇ ಕೂತಿದ್ದಳು. ತೊಳೆದರೂ ಗಲ್ಲದಲ್ಲಿ ಉಳಿದಿದ್ದ ಮಸಿಯ ಮೇಲೆ ಕಣ್ಣೀರಿನ ಗೆರೆ ಇಳಿದಿತ್ತು. "ಅವರಿಗೆ ನಿನ್ನ ಮಾತು ಕೇಳಿಸ್ತಿಲ್ಲಮ್ಮ. ಆಗಲೇ ನಿಲ್ಲಿಸಿಬಿಟ್ರು. ನೋಡು, ಇಲ್ಲಿ ಮೈಕಿನ ಮೇಲೆ ಕೆಂಪು ಗೆರೆ ಎಳೆದಿದ್ಯಲ್ಲ. ಅವರ ದನಿಯೂ ಬರ್ದೆ ಇರೋ ಹಾಗೆ ನಾನು ಫೋನಿನ ಸದ್ದು ಪೂರ್ತಿ ಇಳಿಸ್ದೆ."

"ಎಲ್ಲಿಂದ ನಿಲ್ಲಿಸಿದ್ರು?"

"ಬೇರೆಯವರು ಅಂದ್ರೆ ಯಾರು ಅಂತ ಕೇಳಿದ್ಯಲ್ಲ, ಅಲ್ಲಿಂದ. ಆಂಟಿಗೆ ಸುಸ್ತಾಗಿದೆ, ಉಸಿರು ಕಟ್ಟೀತು, ಸುಧಾರಿಸ್ಕೊಳ್ಳಲಿ ಅಂದ್ರು."

"ಮತ್ತೆ ನೀನ್ಯಾಕೆ ಹೇಳ್ಲಿಲ್ಲ? ನಾನು ಹುಚ್ಚಿ ಹಾಗೆ ಹೂಜಿ ಜೊತೆ ಮಾತಾಡ್ತಿದ್ದೆ!"

"ನಾನು ಕೇಳ್ತಿದ್ನಲ್ಲ," ಎಂದಳು ಮಾನ್ಸಾ. ಎದ್ದಳು. ಏನೋ ಸಿಕ್ಕಿಕೊಂಡಂತೆ ಒಮ್ಮೆ ಗಂಟಲು ಸರಿಮಾಡಿಕೊಂಡಳು. "ಮೀನು ತಿರುವಿ ಹಾಕ್ಬೇಕು. ತಡ ಆಯ್ತು." ಹೊಗೆಮನೆಯ ಬಾಗಿಲು ಅವಳನ್ನು ಒಳಗೆ ಎಳೆದುಕೊಂಡಿತು.

ಅರಬಾ ಪರದೆಯನ್ನು ನೋಡಿದಳು. ಅಲ್ಲಿ ಅವಳದೇ ಮುಖ, ಒಂದು ಮೂಲೆಯಲ್ಲಿ, ಬಾಯಿ ಅರೆ ತೆರೆದು. ಸ್ಟೂಲು ತಂದುಕೊಟ್ಟಿದ್ದರು, ಮತ್ತೆ. ಈ ಸಲ ಓಡಿಬರುವ ಕಷ್ಟವನ್ನೂ ಪಡದೆ, ಬೆರಳ ತುದಿಯಲ್ಲಿ. ಸುಧಾರಿಸಿಕೊಳ್ಳಲಿ! ಅವಳು ಫೋನನ್ನು ಕವುಚಿ ಹಾಕಿದಳು. ಸಿಟ್ಟು ಬಂತು, ಅವಳು ಅಳೆಯಲಿಲ್ಲ. ಕುರ್ಚಿಯಿಂದ ಏಳುವಾಗ ಯಾರ ಮೇಲೆ ಎಂದೂ ಕೇಳಿಕೊಳ್ಳಲಿಲ್ಲ. ಸಿಸ್ಟರ್, ಬೆಂಟುಮ್, ಕೀಟಲೆ ಮಾಡಿ ಆಮೇಲೆ ಸತ್ತುಹೋದ ಗಂಡ, ಇಕ್ಕಳ ಚಾಚಿದ ತನ್ನ ಕೈ, ಅದನ್ನು ಸುಮ್ಮನೆ ತೆಗೆದುಕೊಂಡ ಮಗಳ ಕೈ, ಎಲ್ಲ ಕಲಸಿ ಒಂದೇ ಆಗಿತ್ತು. ಡ್ರಮ್ಮಿನಲ್ಲಿ ಮೀನು ತೊಳೆದ ನೀರಿತ್ತು. ಬಕೆಟ್ಟು ಅದ್ದಿದಳು. ತುಂಬಿದ ಬಕೆಟ್ಟು ಎತ್ತಲಾಗದೆ ಅರ್ಧ ಚೆಲ್ಲಿ, ಉಳಿದದ್ದನ್ನು ತೊಡೆಗೆ ಬಡಿಸಿಕೊಳ್ಳುತ್ತ ಎಳೆದುಕೊಂಡು ಹೋದಳು. ಹೊಗೆಮನೆಯ ಹೊಸ್ತಿಲು ದಾಟಿದ್ದೇ ಹಳೆಯ ವಾಸನೆ ಅವಳನ್ನು ಅಪ್ಪಿಕೊಂಡಿತು: ಬೂತಾಯಿಯ ಎಣ್ಣೆ, ತೆಂಗಿನ ಸಿಪ್ಪೆ, ಕಬ್ಬಿನ ಸಿಪ್ಪೆ. ಅವಳ ಜೀವನವೆಲ್ಲ ಈ ವಾಸನೆಯೇ.

"ಅಮ್ಮಾ, ಯಾಕೆ ಬಂದೆ ಒಳಗೆ? ಏನದು—"

ಒಲೆಯ ಬಾಯಿಗೆ ಅವಳು ನೀರು ಹೊಡೆದಳು.

ಮೀನಿರುವ ಒಲೆಯನ್ನು ನಂದಿಸಿದವರನ್ನು ಬಿರಿವಾದಲ್ಲಿ ಯಾರೂ ಕಂಡಿರಲಿಲ್ಲ. ಒಲೆ ಬುಸ್ಸೆಂದಿತು. ಬೂದಿ, ಆವಿ, ಹಸಿ ಹೊಗೆ ಒಟ್ಟಿಗೇ ಎದ್ದು ಸೂರಿಗೆ ಬಡಿದು ಕೆಳಗೆ ಬಿತ್ತು. ಮೇಲಿನ ತಟ್ಟೆಗಳು ವಾಲಿ ಮೀನು ಕೆಸರಿಗೆ ಜಾರಿದವು. ಅರಬಾಳಿಗೆ ಬಾಗಿಲು ಯಾವ ಕಡೆ ಎಂದು ಮರೆತುಹೋಯಿತು. ಗಾಳಿ ಎಳೆದರೆ ಗಾಳಿ ಇರಲಿಲ್ಲ. ಮೂಸಲು ಹೂವಿಲ್ಲ, ಊದಲು ದೀಪವಿಲ್ಲ. ಯಾರೋ ಅವಳ ತೋಳಿನ ಕೆಳಗೆ ಕೈ ಹಾಕಿ, ಚೀಲ ಎಳೆದ ಹಾಗೆ ದರದರ ಎಳೆದು, ಬೇವಿನ ಮರದ ಬುಡಕ್ಕೆ ತಂದು ಕೆಡವಿದರು. ನೀಲಿ ಪಂಪು ತುಟಿಯ ನಡುವೆ ಬಂತು. ಒತ್ತು. ಹಿಡಿ. ಮತ್ತೊಮ್ಮೆ. ಲೋಕ ಅಂಚಿನಿಂದ ನಡುವಿಗೆ ಮೆಲ್ಲಗೆ ಬೆಳಗಿತು. ಮಾನ್ಸಾ ಮರಕ್ಕೆ ಕೈಕೊಟ್ಟು ಬಗ್ಗಿ ಕೆಮ್ಮುತ್ತಿದ್ದಳು, ಈ ಸಲ ಸಣ್ಣ ಕೆಮ್ಮಲ್ಲ. ಕೆಮ್ಮಿ, ಉಗಿದು, ಬಾಯಿ ಒರೆಸಿಕೊಂಡು ತಿರುಗಿದಳು. ಆ ಮುಖವನ್ನು ಅರಬಾ ಹಿಂದೆ ಕಂಡಿರಲಿಲ್ಲ.

"ತಲೆ ಕೆಟ್ಟಿದ್ಯಾ ನಿಂಗೆ?" ಎಂದಳು ಮಾನ್ಸಾ. "ಹೇಳು, ತಲೆ ಕೆಟ್ಟಿದ್ಯಾ? ನಾಳೆ ಸಂತೆಗೆ ಏನು ನಿನ್ನ ಹಸಿರು ಚುಕ್ಕಿ ಹೊತ್ಕೊಂಡು ಹೋಗ್ಲಾ, ಕೆಸರು ಮೆತ್ತಿದ ಬೂತಾಯಿನ ಯಾವ ಕುರುಡಿ ಕೊಳ್ತಾಳೆ, ಯಾರ ಮೇಲೋ ಸಿಟ್ಟು ಅಂತ ನನ್ನ ಎರಡು ದಿನದ ಕೆಲಸಕ್ಕೆ ನೀರು ಹೊಯ್ದ್ಯಲ್ಲ, ಆ ಸಿಸ್ಟರ್ ಮನೇಗೆ ಹೋಗಿ ಹೊಯ್ಯೋಕಾಗ್ಲಿಲ್ವಾ, ಬೆಂಟುಮ್ ತಲೆ ಮೇಲೆ ಹೊಯ್ಯೋಕಾಗ್ಲಿಲ್ವಾ, ಮಗಳು ಕೆಮ್ತಾಳೆ ಮಗಳು ಕೆಮ್ತಾಳೆ ಅಂತ ಊರಿಗೆಲ್ಲ ಹೇಳ್ತಿದ್ದೀಯ, ಇಕ್ಕಳ ಕೊಡುವಾಗ ಒಂದು ಮಾತು ಕೇಳಿದ್ಯಾ ನನ್ನನ್ನ, ಮಾನ್ಸಾ ನಿಂಗೆ ಇಷ್ಟ ಇದ್ಯಾ ಅಂತ ಕೇಳಿದ್ಯಾ, ಕೇಳಿದ್ರೆ ಹೂಂ ಅಂತಿದ್ನೋ ಏನೋ, ಕೇಳ್ಲೇ ಇಲ್ವಲ್ಲ ನೀನು!"

ಅರಬಾ ಕೇಳುತ್ತಿದ್ದಳು. ಮೊದಲು ಮಾತನ್ನು ಕೇಳಿದಳು. ಕೊನೆಯ ಮಾತು ಚುಚ್ಚಬೇಕಾದಲ್ಲಿ ಚುಚ್ಚಿತು. ಆಮೇಲೆ ಅವಳಿಗೆ ಮಾತಿನ ಕೆಳಗಿದ್ದ ಉಸಿರು ಕೇಳಿಸಿತು. ತಲೆ ಕೆಟ್ಟಿದ್ಯಾ ಎನ್ನುವಲ್ಲಿಂದ ಕೇಳಲೇ ಇಲ್ಲ ಎನ್ನುವವರೆಗೆ ಹುಡುಗಿ ಎಲ್ಲೆಲ್ಲಿ ಉಸಿರು ತೆಗೆದುಕೊಂಡಳು? ಒಂದು ಕಡೆ. ಇಲ್ಲ, ಎರಡು ಕಡೆ ಇರಬಹುದು. ಪಂಪನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿ, ದಂಡೆಯ ಅಲೆ ಎಲ್ಲಿಯವರೆಗೆ ಏರಿತೆಂದು ನೋಡುವವಳ ಹಾಗೆ ಅವಳು ಕಿವಿಯಿಟ್ಟಳು. ಮಾನ್ಸಾ ನಡುವೆ ನಿಂತಳು. ಉಸಿರು ಸಿಕ್ಕಿಕೊಂಡಿತೇ? ಸಣ್ಣದೊಂದು ಒಣ ಸದ್ದು ಕೇಳಿಸಿದ್ದಂತೂ ನಿಜ, ಕೇಳಿಸಲಿಲ್ಲ ಎನ್ನುವ ಹಾಗಿರಲಿಲ್ಲ. ಆದರೆ ಹುಡುಗಿ ಮೂಗು ಒರೆಸಿಕೊಂಡು ಮೊದಲಿಗಿಂತ ಎತ್ತರದ ದನಿಯಲ್ಲಿ ಶುರುಮಾಡಿದಳು: ಅಕ್ಕಂದಿರು, ಅವರು ಕಳಿಸದ ಹಣ, ತನಗೆ ಬಂದಿದ್ದ ಗಂಡು, ಅಮ್ಮನ ನಾಲಿಗೆಗೆ ಹೆದರಿ ಅವನು ಓಡಿಹೋದದ್ದು. ಬೈಗುಳ ಉದ್ದಕ್ಕೆ, ಅಗಲಕ್ಕೆ, ಗಾಳಿ ತುಂಬಿದ ಹಾಯಿಯಂತೆ ಬಿಚ್ಚಿಕೊಂಡಿತು.

ಗೋಡೆಯಾಚೆಯಿಂದ ಪಕ್ಕದ ಮನೆಯ ಎಕುವಾ ಇಣುಕಿದಳು. "ಏನೇ ಮಾನ್ಸಾ, ಹೆತ್ತವಳಿಗೆ ಹೀಗಾ ಬೈಯ್ಯೋದು? ಪಾಪ, ಮೊದ್ಲೇ ಹುಷಾರಿಲ್ಲ, ಸಾಕು ಬಿಡು."

ಅರಬಾ ಕಣ್ಣು ತೆರೆಯದೆ ಅವಳ ಕಡೆಗೆ ಕೈಯೆತ್ತಿದಳು.

"ಸುಮ್ನಿರೇ," ಅಂದಳು, ಇದ್ದಷ್ಟು ಉಸಿರಿನಲ್ಲಿ. "ಮುಗಿಸ್ಲಿ ಅವಳು."